ಮಿಲಿಟರಿ ಬ್ಯಾಗೋ, ಚಾರಣದ ಬ್ಯಾಗೋ? ರಿಪೇರಿ ಮಾಡುವವರ ಲೆಕ್ಕ

ಬೆನ್ನಿಗೆ ಹಾಕುವ ದೊಡ್ಡ ಬ್ಯಾಗುಗಳನ್ನು ರಿಪೇರಿ ಮಾಡುವುದು ನನ್ನ ಕೆಲಸ. ಕಿತ್ತು ಬಂದ ಪಟ್ಟಿ, ಕೈಕೊಟ್ಟ ಜಿಪ್, ಮುರಿದ ಬಕಲ್, ದಿನಾ ಇವೇ. ಬಂದವರಲ್ಲಿ ಒಬ್ಬರಾದರೂ ಕೇಳುತ್ತಾರೆ: "ಮುಂದಿನ ಸಲ ಮಿಲಿಟರಿ ಬ್ಯಾಗ್ ತಗೊಂಡುಬಿಡ್ಲಾ? ಅದೇ ಗಟ್ಟಿ ಅಲ್ವಾ?"

ಹೌದು, ಗಟ್ಟಿ. ಆದರೆ ಗಟ್ಟಿತನ ನೋಡಿ ಬ್ಯಾಗ್ ಆರಿಸಬೇಡಿ. ಹರಿದದ್ದನ್ನು ನಾನು ಹೊಲಿದು ಕೊಡಬಲ್ಲೆ. ನಿಮ್ಮ ಬೆನ್ನಿಗೆ ಸರಿಯಾಗಿ ಕೂರದ ಬ್ಯಾಗನ್ನು ಕೂರಿಸುವುದು ನನ್ನಿಂದಾಗದು. ಹಾಗಾಗಿ ಮೊದಲು ಸೊಂಟ, ಆಮೇಲೆ ಬೆನ್ನು, ಬಟ್ಟೆಯ ವಿಷಯ ಕೊನೆಗೆ.

ಭಾರ ಹೊರಬೇಕಾದದ್ದು ಸೊಂಟ, ಭುಜ ಅಲ್ಲ. ಒಳ್ಳೆಯ ಚಾರಣದ ಬ್ಯಾಗಿನಲ್ಲಿ ಹೆಚ್ಚಿನ ತೂಕವೆಲ್ಲ ಸೊಂಟದ ಪಟ್ಟಿಯ ಮೂಲಕ ಕಾಲಿಗಿಳಿಯುತ್ತದೆ. ಭುಜದ ಪಟ್ಟಿಗಳು ಬ್ಯಾಗ್ ಹಿಂದಕ್ಕೆ ವಾಲದಂತೆ ಹಿಡಿದುಕೊಳ್ಳುತ್ತವೆ, ಅಷ್ಟೇ. ಕ್ಯಾಲಿಫೋರ್ನಿಯಾದ ಡಿಕ್ ಕೆಲ್ಟಿ 1952ರಲ್ಲಿ ಅಲ್ಯೂಮಿನಿಯಂ ಫ್ರೇಮಿನ ಬ್ಯಾಗ್ ಮಾರಲು ಶುರು ಮಾಡಿದ. ಸೊಂಟಕ್ಕೆ ಪಟ್ಟಿ ಕಟ್ಟುವ ಪದ್ಧತಿ ಚಾರಣಿಗರಲ್ಲಿ ಹರಡಿದ್ದು ಹೆಚ್ಚಾಗಿ ಅವನಿಂದ. 1967ರಲ್ಲಿ ಗ್ರೆಗ್ ಲೋ ಫ್ರೇಮನ್ನು ಬ್ಯಾಗಿನ ಒಳಗೇ ಸೇರಿಸಿದ. ಇವತ್ತಿನ ಚಾರಣದ ಬ್ಯಾಗುಗಳು ಬಹುಪಾಲು ಆ ದಾರಿಯಲ್ಲೇ ಬಂದವು. ಒಟ್ಟಿನಲ್ಲಿ ಇವನ್ನು ರೂಪಿಸಿದ್ದು ಇಡೀ ದಿನ ನಡೆಯುವುದೇ ಕೆಲಸವಾಗಿರುವವರಿಗಾಗಿ.

ಸೈನಿಕನ ಕಥೆ ಬೇರೆ. ಅವನ ಎದೆ ಬೆನ್ನಿಗೆ ಗುಂಡು ತಡೆಯುವ ಕವಚ. ಸೊಂಟದ ಸುತ್ತ ಮದ್ದುಗುಂಡು, ನೀರು ತುಂಬಿದ ಚೀಲಗಳು. ಬ್ಯಾಗಿನ ಪಟ್ಟಿಗೆ ಅಲ್ಲಿ ಜಾಗವೇ ಇಲ್ಲ. ಗುಂಡು ಹಾರಿದರೆ ಬ್ಯಾಗನ್ನು ತಕ್ಷಣ ಬೆನ್ನಿಂದ ಕೆಳಗೆ ಬೀಳಿಸಬೇಕು. ಅದಕ್ಕೇ ಎಷ್ಟೋ ಮಿಲಿಟರಿ ಬ್ಯಾಗುಗಳಲ್ಲಿ ಸೊಂಟದ ಪಟ್ಟಿ ಬರೀ ನವಾರಿನಷ್ಟು ತೆಳು, ಇಲ್ಲವೇ ಭಾರ ಹೊರುವ ಬದಲು ಬ್ಯಾಗ್ ಅಲುಗದಂತೆ ಹಿಡಿಯಲು ಮಾತ್ರ. ಬ್ರಿಟಿಷ್ ಸೇನೆಯ ಹಳೆಯ ಬರ್ಗನ್ ಬ್ಯಾಗನ್ನೇ ನೋಡಿ. ಅದರಲ್ಲಿ ಶಾರ್ಟ್ ಬ್ಯಾಕ್, ಲಾಂಗ್ ಬ್ಯಾಕ್ ಎಂದು ಎರಡು ಬಗೆ, ಅಂದರೆ ಬೆನ್ನಿಗೆ ತಾಗುವ ಭಾಗ ಗಿಡ್ಡ ಇರುವುದು, ಉದ್ದ ಇರುವುದು. ಶಾರ್ಟ್ ಬ್ಯಾಕ್ ಇದ್ದದ್ದು ಸೊಂಟದ ಚೀಲಗಳ ಮೇಲೆ ಬ್ಯಾಗ್ ಕೂರಲಿ ಅಂತ. ಸೊಂಟದಲ್ಲಿ ಏನೂ ಇಲ್ಲದ ನೀವು ಅದನ್ನು ಹಾಕಿಕೊಂಡರೆ ಅದರ ಪಟ್ಟಿ ಹೊಟ್ಟೆಗೆ ಬರುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಒಳಗಿನ ಚೀಟಿಯಲ್ಲಿ ಯಾವ ಬ್ಯಾಕ್ ಅಂತ ಓದಿ.

ಈಗ ಬೆನ್ನಿನ ಅಳತೆ. ತಲೆ ಮುಂದಕ್ಕೆ ಬಾಗಿಸಿ, ಕತ್ತಿನ ಬುಡದಲ್ಲಿ ಒಂದು ಮೂಳೆ ಉಬ್ಬಿ ಕೈಗೆ ಸಿಗುತ್ತದೆ. ಅದು ಮೇಲಿನ ತುದಿ. ಎರಡೂ ಕೈ ಸೊಂಟದ ಮೂಳೆಯ ಮೇಲಂಚಿಗೆ ಇಡಿ, ಹೆಬ್ಬೆರಳು ಹಿಂದಕ್ಕಿರಲಿ. ಎರಡು ಹೆಬ್ಬೆರಳ ನಡುವೆ ಗೆರೆ ಎಳೆದರೆ ಅದು ಬೆನ್ನುಮೂಳೆಯನ್ನು ಮುಟ್ಟುವ ಜಾಗ ಕೆಳಗಿನ ತುದಿ. ಇವೆರಡರ ನಡುವಿನ ಉದ್ದವನ್ನು ಇನ್ನೊಬ್ಬರ ಕೈಲಿ ಟೇಪಿನಿಂದ ಅಳೆಸಿ. ದೊಡ್ಡವರಲ್ಲಿ ಸಾಮಾನ್ಯವಾಗಿ 40ರಿಂದ 55 ಸೆಂಟಿಮೀಟರ್ ಬರುತ್ತದೆ. ಎತ್ತರ ನೋಡಿ ಅಂದಾಜು ಮಾಡಬೇಡಿ. ಆರಡಿ ಇದ್ದೂ ಗಿಡ್ಡ ಬೆನ್ನಿನವರು ಇರುತ್ತಾರೆ, ಕಾಲೇ ಉದ್ದ ಅಂಥವರಿಗೆ.

ಚಾರಣದ ಬ್ಯಾಗ್ ಮಾಡುವವರು ಈ ಅಳತೆಗೆ ತಕ್ಕಂತೆ ಸಣ್ಣ, ಮಧ್ಯಮ, ದೊಡ್ಡದು ಅಂತ ಕೊಡುತ್ತಾರೆ, ಅಥವಾ ಭುಜದ ಪಟ್ಟಿಯನ್ನು ಮೇಲೆ ಕೆಳಗೆ ಸರಿಸುವ ವ್ಯವಸ್ಥೆ ಇಡುತ್ತಾರೆ. ಹೆಂಗಸರಿಗೆಂದೇ ಪಟ್ಟಿಯ ಬಾಗು ಬದಲಿಸಿದ ಮಾದರಿಗಳೂ ಇವೆ. ಮಿಲಿಟರಿ ಬ್ಯಾಗಿನಲ್ಲಿ ಇಷ್ಟೊಂದು ಆಯ್ಕೆ ಸಿಗುವುದು ಅಪರೂಪ. ಸಿಕ್ಕಿದ ಬ್ಯಾಗಿಗೆ ಸೈನಿಕ ಹೊಂದಿಕೊಳ್ಳುತ್ತಾನೆ. ನೀವು ಯಾಕೆ ಹೊಂದಿಕೊಳ್ಳಬೇಕು?

ಹಾಕಿ ನೋಡುವಾಗ ಖಾಲಿ ಬ್ಯಾಗ್ ಹಾಕಬೇಡಿ. ಖಾಲಿ ಇದ್ದಾಗ ಎಲ್ಲ ಬ್ಯಾಗೂ ಹಿತವಾಗಿಯೇ ಇರುತ್ತದೆ. ಹತ್ತು ಹನ್ನೆರಡು ಕಿಲೋ ತುಂಬಿ. ಭಾರದ್ದು ಬೆನ್ನಿಗೆ ತಾಗಿ, ಹೆಗಲಿಗೂ ಸೊಂಟಕ್ಕೂ ನಡುವೆ ಇರಲಿ. ಎಲ್ಲ ಪಟ್ಟಿ ಸಡಿಲ ಮಾಡಿ ಹಾಕಿಕೊಳ್ಳಿ. ಮೊದಲು ಸೊಂಟದ ಪಟ್ಟಿ: ಅದರ ಮೆತ್ತೆಯ ನಡುಭಾಗ ಸೊಂಟದ ಮೂಳೆಯ ಮೇಲೆ ಕೂತಿರಬೇಕು, ಬಿಗಿ ಮಾಡಿ. ಆಮೇಲೆ ಭುಜದ ಪಟ್ಟಿ, ಹೆಗಲನ್ನು ಸುಮ್ನೆ ಮುಟ್ಟುವಷ್ಟು. ಹೆಗಲ ಮೇಲಿಂದ ಬ್ಯಾಗಿನ ತಲೆಗೆ ಹೋಗುವ ಸಣ್ಣ ಪಟ್ಟಿಗಳನ್ನು ಎಳೆಯಿರಿ. ಅವು ಹಿಂದಕ್ಕೆ ಓರೆಯಾಗಿ ಏರಬೇಕು, 45 ಡಿಗ್ರಿ ಆಸುಪಾಸು ಇದ್ದರೆ ಚೆನ್ನ. ಕೆಳಮುಖವಾಗಿದ್ದರೆ ಆ ಬ್ಯಾಗ್ ನಿಮಗೆ ಗಿಡ್ಡ. ಎದೆಯ ಪಟ್ಟಿ ಕೊನೆಗೆ, ಉಸಿರಾಟಕ್ಕೆ ಅಡ್ಡ ಬಾರದಂತೆ. ಹೀಗೆ ಹಾಕಿಕೊಂಡು ಅರ್ಧ ಗಂಟೆ ಮೆಟ್ಟಿಲು ಹತ್ತಿ ಇಳಿಯಿರಿ. ಹೆಬ್ಬೆರಳು ಭುಜದ ಪಟ್ಟಿಯ ಕೆಳಗೆ ಸಲೀಸಾಗಿ ತೂರಿದರೆ ಭಾರ ಸೊಂಟದ ಮೇಲಿದೆ ಎಂದರ್ಥ.

ಈ ಪರೀಕ್ಷೆಯಲ್ಲಿ ಮಿಲಿಟರಿ ಬ್ಯಾಗ್ ಪಾಸಾದರೆ ಧಾರಾಳವಾಗಿ ತಗೊಳ್ಳಿ. ಪಾಸಾಗುವಂಥವೂ ಇವೆ. ಮಿಸ್ಟರಿ ರಾಂಚ್‌ನಂಥ ಕಂಪನಿ ಸೈನಿಕರಿಗೂ, ಕಾಡ್ಗಿಚ್ಚು ಆರಿಸುವವರಿಗೂ, ಚಾರಣಿಗರಿಗೂ ಬ್ಯಾಗ್ ಮಾಡಿದೆ. ಅಂಥವು ಹಗುರವಲ್ಲ, ಆದರೆ ಬೆನ್ನಿಗೆ ಕೂರುತ್ತವೆ.

ತೂಕದ ಲೆಕ್ಕಕ್ಕೆ ಬರೋಣ. ಅಮೆರಿಕ ಸೇನೆ 1973ರಲ್ಲಿ ತಂದ ಆಲಿಸ್ ಬ್ಯಾಗಿನ ದೊಡ್ಡ ಮಾದರಿ, ಫ್ರೇಮ್ ಸೇರಿ, ಖಾಲಿಯಿದ್ದಾಗಲೇ 3 ಕಿಲೋ ಆಸುಪಾಸು. ಅದರ ಬದಲಿಗೆ ಅದೇ ಸೇನೆಗೆ 1997ರಲ್ಲಿ ಬಂದ ಮೋಲಿ ವ್ಯವಸ್ಥೆಯ ದೊಡ್ಡ ಬ್ಯಾಗ್ ಅದಕ್ಕಿಂತ ಭಾರ. ಅಷ್ಟೇ ಸಾಮಾನು ಹಿಡಿಸುವ ಚಾರಣದ ಬ್ಯಾಗ್, ಅಂದರೆ 60-65 ಲೀಟರಿನದು, ಸಾಮಾನ್ಯವಾಗಿ ಒಂದೂವರೆಯಿಂದ ಎರಡೂಕಾಲು ಕಿಲೋ. ಒಂದು ಕಿಲೋಗಿಂತ ಹಗುರವಾದವೂ ಇವೆ, ಆದರೆ ಅವು ನಾಜೂಕು. ಒಂದು ಕಿಲೋ ವ್ಯತ್ಯಾಸ ಅಂದರೆ ಒಂದು ಲೀಟರ್ ನೀರು. ದಿನಕ್ಕೆ ಇಪ್ಪತ್ತು ಕಿಲೋಮೀಟರ್ ನಡೆಯುವವರಿಗೆ ಅದು ಸಂಜೆ ಹೊತ್ತಿಗೆ ಚೆನ್ನಾಗಿಯೇ ಗೊತ್ತಾಗುತ್ತದೆ.

ಆ ತೂಕ ಬರುವುದು ಬಟ್ಟೆ ಮತ್ತು ಫ್ರೇಮಿನಿಂದ. ಬಟ್ಟೆಯ ಮೇಲೆ 500ಡಿ, 1000ಡಿ ಅಂತ ಬರೆದಿರುತ್ತದಲ್ಲ, ಅದು ಡೆನಿಯರ್. 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಮಿಲಿಟರಿ ಬ್ಯಾಗಿನಲ್ಲಿ 500 ಅಥವಾ 1000 ಡೆನಿಯರ್ ನೈಲಾನ್, ಹೆಚ್ಚಾಗಿ ಕಾರ್ಡುರಾ ಎಂಬ ಬ್ರಾಂಡಿನದು. ಚಾರಣದ ಬ್ಯಾಗಿನಲ್ಲಿ ಮೈಗೆ 100ರಿಂದ 210, ತಳಕ್ಕೆ 420ರಷ್ಟು. ಈ ಅಂಕಿ ನೋಡಿ ಚಾರಣದ್ದು ಹತ್ತನೇ ಒಂದರಷ್ಟೇ ಗಟ್ಟಿ ಅಂದುಕೊಳ್ಳಬೇಡಿ. ನೇಯ್ಗೆ, ಒಳಗಿನ ಲೇಪ, ಎಲ್ಲಿ ಯಾವ ಬಟ್ಟೆ ಹಾಕಿದ್ದಾರೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ನಡುನಡುವೆ ದಪ್ಪ ನೂಲಿನ ಚೌಕುಳಿ ಇರುವ ರಿಪ್‌ಸ್ಟಾಪ್ ಬಟ್ಟೆ ಹರಿದರೂ ಹರಕು ಮುಂದಕ್ಕೆ ಓಡುವುದಿಲ್ಲ.

ನನ್ನ ಮೆಷಿನ್ ಮುಂದೆ ಬರುವ ಚಾರಣದ ಬ್ಯಾಗುಗಳಲ್ಲಿ ನಡುಮೈ ಹರಿದದ್ದು ಕಡಿಮೆ. ಪಕ್ಕದ ಜಾಲರಿ ಜೇಬು ಮುಳ್ಳಿಗೆ ಸಿಕ್ಕಿ ಹರಿದಿರುತ್ತದೆ. ಬಂಡೆ ಮೇಲೆ ಕೂತು ಜಾರಿದಾಗ ತಳದ ಮೂಲೆ ಸವೆದಿರುತ್ತದೆ. ಒಳಗಿನ ಅಲ್ಯೂಮಿನಿಯಂ ಕಡ್ಡಿ ತನ್ನ ಗೂಡು ತೂತು ಮಾಡಿಕೊಂಡು ಕೆಳಗೆ ಇಣುಕುತ್ತಿರುತ್ತದೆ. ಇದು ನಾನು ಜಾಸ್ತಿ ನೋಡುವ ರೋಗ. ಕೊಳ್ಳುವ ಮುಂಚೆ ಆ ಕಡ್ಡಿಯ ತುದಿ ಕೂರುವ ಜಾಗವನ್ನು ಬೆರಳಿಂದ ಮುಟ್ಟಿ ನೋಡಿ, ಎರಡು ಪದರ ಬಟ್ಟೆ ಇರಬೇಕು. ಮಿಲಿಟರಿ ಬ್ಯಾಗಾದರೆ ಬಟ್ಟೆ ನೂರು ಕಾಲ ಬಾಳುತ್ತದೆ, ಕೈಕೊಡುವುದು ಒಳಗಿನ ಲೇಪ. ವರ್ಷಗಟ್ಟಲೆ ತೇವದಲ್ಲಿ ಮಡಚಿಟ್ಟ ಬ್ಯಾಗಿನ ಪಾಲಿಯುರೆಥೇನ್ ಲೇಪ ಅಂಟಂಟಾಗಿ ಸಿಪ್ಪೆ ಏಳುತ್ತದೆ, ವಾಸನೆಯೂ ಬರುತ್ತದೆ. ಅದಕ್ಕೆ ಹೊಲಿಗೆಯಲ್ಲಿ ಮದ್ದಿಲ್ಲ.

ಇನ್ನೊಂದು ಜಾತಿ ಇದೆ: ಮಿಲಿಟರಿ ವೇಷದ ಬ್ಯಾಗ್. ಹಸಿರು ಬಣ್ಣ, ಮೈತುಂಬ ನವಾರು, ಮೇಲೆ "ಮಿಲಿಟರಿ ಗ್ರೇಡ್" ಚೀಟಿ. ಆ ಚೀಟಿಯೊಂದರಿಂದ ಏನೂ ಸಾಬೀತಾಗುವುದಿಲ್ಲ, ಯಾರು ಬೇಕಾದರೂ ಅಂಟಿಸಬಹುದು. ಬಟ್ಟೆ ಹೆಚ್ಚಾಗಿ 600 ಡೆನಿಯರ್ ಪಾಲಿಯೆಸ್ಟರ್ ಇರುತ್ತದೆ. ಬಿಸಿಲಿಗೆ ಪರವಾಗಿಲ್ಲ, ಆದರೆ ಉಜ್ಜಾಟಕ್ಕೆ ನೈಲಾನಿನಷ್ಟು ತಡೆಯದು. ಭುಜದ ಪಟ್ಟಿ ಬ್ಯಾಗಿಗೆ ಸೇರುವ ಕಡೆ ನೋಡಿ. ಒತ್ತೊತ್ತಾಗಿ ಅಡ್ಡಡ್ಡ ಹಾಕಿದ ಬಾರ್‌ಟ್ಯಾಕ್ ಹೊಲಿಗೆ ಇರಬೇಕು. ಬರೀ ಎರಡು ಸಾಲು ನೇರ ಹೊಲಿಗೆ ಇದ್ದರೆ ಕೆಳಗಿಟ್ಟು ಬನ್ನಿ. ಎರಡು ಕಡೆಯ ಕೆಟ್ಟದ್ದೂ ಇದರಲ್ಲಿ ಸೇರಿದೆ: ಮಿಲಿಟರಿ ಬ್ಯಾಗಿನ ಭಾರ, ಅಗ್ಗದ ಬ್ಯಾಗಿನ ಆಯಸ್ಸು.

ನವಾರಿನ ಮಾತು ಬಂತು. ಆ ಸಾಲುಗಳಿಗೆ ಪಾಲ್ಸ್ ಅಂತ ಹೆಸರು. ಒಂದಿಂಚು ಅಗಲದ ಪಟ್ಟಿ, ಒಂದಿಂಚು ಅಂತರದಲ್ಲಿ ಸಾಲು, ಒಂದೂವರೆ ಇಂಚಿಗೊಂದು ಹೊಲಿಗೆ. ಅಳತೆ ಎಲ್ಲ ಕಡೆ ಒಂದೇ ಆದ್ದರಿಂದ ಯಾರು ಮಾಡಿದ ಚೀಲವನ್ನಾದರೂ ಸಿಕ್ಕಿಸಬಹುದು. ಪ್ರಥಮ ಚಿಕಿತ್ಸೆಯ ಚೀಲ, ರೇಡಿಯೋ, ಕ್ಯಾಮೆರಾ ಲೆನ್ಸ್ ಹೊರುವವರಿಗೆ ನಿಜಕ್ಕೂ ಉಪಯೋಗ. ಉಳಿದವರಿಗೆ ಅದು ಮುಳ್ಳುಕಂಟಿಗೆ ಸಿಕ್ಕಿಕೊಳ್ಳುವ, ಮಳೆಯಲ್ಲಿ ನೀರು ಕುಡಿಯುವ ಜಾಗ. ಹೊರಗೆ ತೂಗುಹಾಕಿದ ಭಾರ ಬೆನ್ನಿಂದ ದೂರ ಹೋಗಿ ಹಿಂದಕ್ಕೆ ಎಳೆಯುತ್ತದೆ ಬೇರೆ.

ಮಳೆಗೆ ಎರಡನ್ನೂ ನಂಬಬೇಡಿ. ಬಟ್ಟೆ ತಡೆದರೂ ಹೊಲಿಗೆ ಸೋರುತ್ತದೆ. ಹೊರಗೆ ಹೊದಿಸುವ ಕವರ್ ಪಕ್ಕದ ಚೀಲಗಳಿರುವ ಬ್ಯಾಗಿಗೆ ಸರಿಯಾಗಿ ಕೂರುವುದಿಲ್ಲ, ಗಾಳಿಗೂ ಹಾರುತ್ತದೆ. ಒಳಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಅದರಲ್ಲಿ ಸಾಮಾನು ತುಂಬಿ, ಮುಗಿಯಿತು.

ಬಣ್ಣ ಅಂದರೆ ಬರೀ ಚಂದದ ಮಾತಲ್ಲ. ಬಾರ್ಬಡೋಸ್, ಜಮೈಕಾ, ಟ್ರಿನಿಡಾಡ್‌ನಂಥ ಕಡೆ ಸೇನೆಗೆ ಸೇರದವರು ಚುಕ್ಕೆ ಮಚ್ಚೆಯ ಮಿಲಿಟರಿ ವಿನ್ಯಾಸ ಧರಿಸುವುದಕ್ಕೆ ಕಾನೂನಿನ ಅಡ್ಡಿಯಿದೆ. ಬ್ಯಾಗ್ ಕಿತ್ತುಕೊಳ್ಳಲೂಬಹುದು. ಗಡಿ ದಾಟುವವರು ಒಂದೇ ಬಣ್ಣದ ಬ್ಯಾಗ್ ಇಟ್ಟುಕೊಳ್ಳಿ. ಕಾಡಿನಲ್ಲಿ ಬಿದ್ದು ಕಾಲು ಮುರಿದರೆ ಹುಡುಕುವವರ ಕಣ್ಣಿಗೆ ಕಿತ್ತಳೆ ಬಣ್ಣ ಬೀಳುತ್ತದೆ, ಹಸಿರು ಮಚ್ಚೆ ಬೀಳುವುದಿಲ್ಲ.

ಹಾಗಾದರೆ ಮಿಲಿಟರಿ ಬ್ಯಾಗ್ ಯಾರಿಗೆ? ಗಾಡಿಯ ಹಿಂಭಾಗಕ್ಕೆ ಎಸೆಯುವವರಿಗೆ, ಮುಳ್ಳು ಕಲ್ಲಿನ ನಡುವೆ ಸರ್ವೆ ಕೆಲಸ ಮಾಡುವವರಿಗೆ, ಸೌದೆ, ನೀರಿನ ಕ್ಯಾನ್, ಉಪಕರಣದ ಪೆಟ್ಟಿಗೆಯಂಥ ಅಂಕುಡೊಂಕು ಸಾಮಾನನ್ನು ಸ್ವಲ್ಪ ದೂರ ಹೊರುವವರಿಗೆ. ಆಲಿಸ್ ಬ್ಯಾಗಿನ ಫ್ರೇಮ್ ಬಿಚ್ಚಿ, ಅದಕ್ಕೇ ಪೆಟ್ಟಿಗೆ ಕಟ್ಟಿಕೊಂಡು ಹೋಗಬಹುದು. ಆ ಸೌಲಭ್ಯ ಚಾರಣದ ಬ್ಯಾಗಿನಲ್ಲಿ ಸಿಗುವುದು ಕಷ್ಟ. ದಿನಗಟ್ಟಲೆ ನಡೆಯುವವರು, ಹತ್ತು ಕಿಲೋಗಿಂತ ಜಾಸ್ತಿ ಹೊರುವವರು ಚಾರಣದ್ದನ್ನೇ ತಗೊಳ್ಳಿ. 20-25 ಲೀಟರಿನ ಒಂದು ದಿನದ ಬ್ಯಾಗಾದರೆ ಯೋಚನೆಯೇ ಬೇಡ, ಐದಾರು ಕಿಲೋ ಭಾರಕ್ಕೆ ಭುಜವೇ ಸಾಕು, ಇಷ್ಟವಾದದ್ದು ಕೊಳ್ಳಿ.

ಹಳೆಯ ಮಿಲಿಟರಿ ಬ್ಯಾಗ್ ಕೊಳ್ಳುವಾಗ ಫ್ರೇಮನ್ನು ಎರಡು ಕೈಯಲ್ಲಿ ಹಿಡಿದು ತಿರುಚಿ. ರಿವೆಟ್ ಅಲುಗಿದರೆ, ಕೀರಲು ಸದ್ದು ಬಂದರೆ ಬೇಡ. ಭುಜದ ಪಟ್ಟಿಯ ಫೋಮ್ ಹಿಸುಕಿ, ಮತ್ತೆ ಉಬ್ಬಬೇಕು. ಒಳಗೆ ಕೈ ಹಾಕಿ ಸವರಿ, ಅಂಟಬಾರದು. ಜಿಪ್ ಹಾಕಿದ ಮೇಲೂ ಹಿಂದೆ ಬಾಯಿ ಬಿಡುತ್ತಿದ್ದರೆ ಹೆದರಬೇಡಿ. ಹೆಚ್ಚಿನ ಸಲ ಹಲ್ಲು ಸರಿ ಇರುತ್ತದೆ, ರನ್ನರ್ ಸವೆದಿರುತ್ತದೆ. ಇಕ್ಕಳದಿಂದ ರನ್ನರಿನ ಎರಡೂ ಬದಿ ಮೆಲ್ಲಗೆ ಅದುಮಿದರೆ ಎಷ್ಟೋ ದಿನ ನಡೆಯುತ್ತದೆ.

ಹೊಸದಿರಲಿ ಹಳೆಯದಿರಲಿ, ಸೊಂಟದ ಬಕಲ್ ಪಟ್ಟಿಗೆ ಹೊಲಿದಿದೆಯೋ, ಬರೀ ಪೋಣಿಸಿದೆಯೋ ನೋಡಿಕೊಳ್ಳಿ. ಗಾಡಿಯ ಬಾಗಿಲಿಗೆ ಸಿಕ್ಕಿಯೋ, ಕಾಲಡಿ ಸಿಕ್ಕಿಯೋ ಮೊದಲು ಒಡೆಯುವುದು ಅದೇ. ಪೋಣಿಸಿದ್ದಾದರೆ ಅದೇ ಅಗಲದ ಇನ್ನೊಂದು ಬಕಲನ್ನು ದಾರಿಯಲ್ಲೇ ಹಾಕಿಕೊಳ್ಳಬಹುದು. ಹೊಲಿದಿದ್ದರೆ, ನಡುವೆ ಸೀಳಿರುವ ಬದಲಿ ಬಕಲ್ ಸಿಗುತ್ತದೆ, ಹೊಲಿಗೆ ಬಿಚ್ಚದೆ ಪಟ್ಟಿಗೆ ತೂರಿಸಬಹುದು. ಪಟ್ಟಿಯ ಅಗಲ ಅಳೆದು ಅಂಥದ್ದೊಂದನ್ನು ಮೇಲಿನ ಜೇಬಿನಲ್ಲಿ ಹಾಕಿಡಿ.