ಸಂವಿಧಾನ ಪೀಠದ ತೀರ್ಪನ್ನು ಓದುವ ಬಗೆ: ಬೊಮ್ಮಾಯಿ ಪ್ರಕರಣದ ನೆರವಿನಿಂದ

ರಾಜಕೀಯ ವಿವಾದದಲ್ಲಿ ನ್ಯಾಯಾಲಯ ಎಲ್ಲಿಯವರೆಗೆ ಪ್ರವೇಶಿಸಬಹುದು ಎಂಬುದನ್ನು ಪತ್ರಿಕೆಯ ತಲೆಬರಹಗಳಿಂದ ತಿಳಿಯಲಾಗದು; ತೀರ್ಪನ್ನೇ ಓದಬೇಕು. ಆ ಓದನ್ನು ರೂಢಿಸಿಕೊಳ್ಳಲು ಕನ್ನಡಿಗರಿಗೆ, ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರದ ವಜಾ ಕುರಿತು ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಪ್ರಕರಣಕ್ಕಿಂತ ಹತ್ತಿರದ್ದು ಇನ್ನೊಂದಿಲ್ಲ.

ಕಾನೂನಿನ ಚರ್ಚೆಗೆ ಹೋಗುವ ಮೊದಲು ಘಟನೆಗಳನ್ನು ದಿನಾಂಕದೊಡನೆ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. 1989ರ ಏಪ್ರಿಲ್ 19ರಂದು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರು, 19 ಶಾಸಕರು ಬೆಂಬಲ ಹಿಂತೆಗೆದುಕೊಂಡಿದ್ದಾರೆ ಎನ್ನಲಾದ ಪತ್ರಗಳನ್ನು ಆಧರಿಸಿ ರಾಷ್ಟ್ರಪತಿಗಳಿಗೆ ವರದಿ ಕಳುಹಿಸಿದರು. ಮರುದಿನವೇ ಅವರಲ್ಲಿ ಏಳು ಮಂದಿ ತಾವು ಸರ್ಕಾರದ ಪರವಾಗಿಯೇ ಇದ್ದೇವೆ ಎಂದು ತಿಳಿಸಿದರು; ಮುಖ್ಯಮಂತ್ರಿಗಳು ಸದನದಲ್ಲಿ ಬಹುಮತ ಸಾಬೀತುಪಡಿಸಲು ಸಿದ್ಧರಿದ್ದರು. ಆದರೂ 21ರಂದು ರಾಷ್ಟ್ರಪತಿ ಆಳ್ವಿಕೆ ಜಾರಿಗೆ ಬಂತು. ಕರ್ನಾಟಕದ ಮಟ್ಟಿಗೆ ತೀರ್ಪು ನಿಂತಿರುವುದು ಈ ಮೂರು ದಿನಗಳ ಮೇಲೆ.

ಅನಂತರ ನ್ಯಾಯಾಲಯದ ಮುಂದಿದ್ದ ಪ್ರಶ್ನೆಯನ್ನು ನಿಮ್ಮದೇ ಮಾತಿನಲ್ಲಿ ಬರೆಯಿರಿ. ಹೆಚ್ಚಿನ ಓದುಗರು ಎಡವುವುದು ಇಲ್ಲಿಯೇ. ಬೊಮ್ಮಾಯಿಯವರಿಗೆ ಬಹುಮತವಿತ್ತೇ ಎಂಬುದು ಅಲ್ಲಿನ ಮುಖ್ಯ ಪ್ರಶ್ನೆಯಲ್ಲ. ರಾಷ್ಟ್ರಪತಿ ಆಳ್ವಿಕೆ ಹೇರುವ, ಸಂವಿಧಾನದ 356ನೇ ವಿಧಿಯ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದೇ, ಬಹುಮತ ತೀರ್ಮಾನವಾಗಬೇಕಾದ ಜಾಗ ಯಾವುದು ಎಂಬುವೇ ಮುಖ್ಯ ಪ್ರಶ್ನೆಗಳು.

ಮೂರನೆಯ ಕೆಲಸಕ್ಕೆ ತಾಳ್ಮೆ ಬೇಕು. ಸಂವಿಧಾನದ ಪ್ರಶ್ನೆಗಳನ್ನು ತೀರ್ಮಾನಿಸಲು ಕೂಡಿದ ಈ ಪೀಠದಲ್ಲಿದ್ದವರು ಒಂಬತ್ತು ನ್ಯಾಯಮೂರ್ತಿಗಳು, ಅವರು ಬರೆದದ್ದು ಆರು ಅಭಿಪ್ರಾಯಗಳು. ಯಾವುದೋ ಒಂದರಲ್ಲಿ ಮನಸೆಳೆಯುವ ವಾಕ್ಯ ಸಿಕ್ಕಿತೆಂದು ಅದನ್ನೇ ಕಾನೂನೆಂದು ಉದ್ಧರಿಸಬೇಡಿ. ಒಂದೊಂದು ಪ್ರಶ್ನೆಗೂ ಯಾರು ಏನು ಉತ್ತರಿಸಿದರು, ಯಾರು ಯಾರೊಂದಿಗೆ ಸಮ್ಮತಿಸಿದರು ಎಂಬ ಪಟ್ಟಿ ಮಾಡಿಕೊಂಡರೆ, ನ್ಯಾಯಮೂರ್ತಿ ಅಹ್ಮದಿ ಮತ್ತು ವರ್ಮಾ ಅವರು ಪರಿಶೀಲನೆಯ ವ್ಯಾಪ್ತಿಯನ್ನು ಕಿರಿದಾಗಿಟ್ಟರೆ, ಸಾವಂತ್ ಮತ್ತು ಜೀವನ್ ರೆಡ್ಡಿ ಅವರು ಅದನ್ನು ಹಿಗ್ಗಿಸಿದ್ದು ಕಾಣುತ್ತದೆ. ಹೆಚ್ಚಿನ ನ್ಯಾಯಮೂರ್ತಿಗಳ ನಿಲುವು ಇಷ್ಟು: ಮಂತ್ರಿಮಂಡಲ ರಾಷ್ಟ್ರಪತಿಗಳಿಗೆ ಕೊಟ್ಟ ಸಲಹೆಯನ್ನು 74(2)ನೇ ವಿಧಿಯಂತೆ ವಿಚಾರಿಸುವಂತಿಲ್ಲ, ಆದರೆ ಆ ಸಲಹೆಗೆ ಆಧಾರವಾದ ಸಾಮಗ್ರಿಯನ್ನು ನೋಡಬಹುದು; ಸಂಸತ್ತಿನ ಎರಡೂ ಸದನಗಳು ಒಪ್ಪುವವರೆಗೆ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ; ಬಹುಮತದ ಪರೀಕ್ಷೆ ರಾಜಭವನದಲ್ಲಲ್ಲ, ಸದನದಲ್ಲಿ ನಡೆಯಬೇಕು.

ಕೊನೆಯ ಆದೇಶವನ್ನು ಪ್ರತ್ಯೇಕವಾಗಿ ಓದಿ. ಕರ್ನಾಟಕದ ಜೊತೆಗೆ ಬೇರೆ ರಾಜ್ಯಗಳ ಇಂಥವೇ ಘೋಷಣೆಗಳೂ ಈ ಪ್ರಕರಣದಲ್ಲಿ ಒಟ್ಟಿಗೆ ತೀರ್ಮಾನವಾದವು. ಕರ್ನಾಟಕ, ಮೇಘಾಲಯ, ನಾಗಾಲ್ಯಾಂಡ್‌ಗಳ ಘೋಷಣೆಗಳು ಅಸಾಂವಿಧಾನಿಕವೆನಿಸಿದವು. ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶದವು ಊರ್ಜಿತವಾದವು. ಜೊತೆಗೆ ತೀರ್ಪಿನ ದಿನಾಂಕವನ್ನೂ ಗಮನಿಸಿ: 1994ರ ಮಾರ್ಚ್ 11. ಅಷ್ಟರಲ್ಲಿ ರಾಜ್ಯದಲ್ಲಿ ಚುನಾವಣೆ ಮುಗಿದು ವರ್ಷಗಳೇ ಕಳೆದಿದ್ದರಿಂದ ಬೊಮ್ಮಾಯಿಯವರಿಗೆ ಅಧಿಕಾರ ಮರಳಲಿಲ್ಲ. ನನ್ನ ದೃಷ್ಟಿಯಲ್ಲಿ ಈ ವಿಳಂಬವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಓದು ಅಪೂರ್ಣ. ಹಕ್ಕು ಸ್ಥಾಪಿತವಾದರೂ ಅದು ಸಲ್ಲಬೇಕಾದವರಿಗೆ ಸಲ್ಲಲಿಲ್ಲ.

ತೀರ್ಪು ಮುಂದೆ ಹೇಗೆ ಬಳಕೆಯಾಯಿತೆಂದು ನೋಡಲು ಕರ್ನಾಟಕದ್ದೇ ಇನ್ನೊಂದು ಆದೇಶವನ್ನು ಪಕ್ಕದಲ್ಲಿಟ್ಟುಕೊಳ್ಳಿ. 2018ರ ಮೇ ತಿಂಗಳಲ್ಲಿ ಬಹುಮತ ಸಾಬೀತಿಗೆ ರಾಜ್ಯಪಾಲರು 15 ದಿನ ಕೊಟ್ಟಿದ್ದರು. ಸುಪ್ರೀಂ ಕೋರ್ಟ್ 18ರಂದು ಅದನ್ನು ಮರುದಿನ ಸಂಜೆ 4 ಗಂಟೆಗೆ ಇಳಿಸಿತು, ಮತಕ್ಕೆ ಹಾಕುವ ಮೊದಲೇ ಮುಖ್ಯಮಂತ್ರಿ ಯಡಿಯೂರಪ್ಪನವರು ರಾಜೀನಾಮೆ ಸಲ್ಲಿಸಿದರು. ಸರ್ಕಾರ ಯಾರದಾಗಬೇಕೆಂದು ಆ ಆದೇಶದಲ್ಲಿ ಎಲ್ಲಿಯೂ ಇಲ್ಲ. ಪರೀಕ್ಷೆಯ ಹೊತ್ತು ಮತ್ತು ವಿಧಾನಗಳಷ್ಟೇ ಇವೆ.