ರೊಸಾನಾಳ ಪತ್ರ ಕನ್ನಡಕ್ಕೆ ಬಂದ ಬಗೆ

ವಿಲ್ಕಿ ಕಾಲಿನ್ಸ್ ಬರೆದ ‘ಮೂನ್‌ಸ್ಟೋನ್’ ಕಾದಂಬರಿಯನ್ನು ನಾನು ಕೈಗೆತ್ತಿಕೊಂಡಿದ್ದು ಶ್ರೀರಂಗಪಟ್ಟಣಕ್ಕಾಗಿ. ಮೈಸೂರಿನಲ್ಲಿ ಬೆಳೆದವಳು ನಾನು. 1868ರಲ್ಲಿ ಲಂಡನ್ನಿನ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಇಂಗ್ಲಿಷ್ ಪತ್ತೇದಾರಿ ಕಥೆಯೊಂದು ನಮ್ಮ ಕೋಟೆಯಿಂದ, 1799ರಲ್ಲಿ ಟಿಪ್ಪು ಬಿದ್ದ ದಿನದಿಂದ ಶುರುವಾಗುತ್ತದೆ ಅಂದ್ರೆ ಓದದೆ ಇರೋದು ಹೇಗೆ? ಹರ್ನ್‌ಕ್ಯಾಸಲ್ ಅನ್ನೋ ಇಂಗ್ಲಿಷ್ ಅಧಿಕಾರಿ ಆ ಲೂಟಿಯ ಗದ್ದಲದಲ್ಲಿ ಒಂದು ವಜ್ರ ಹೊಡೆಯುತ್ತಾನೆ. ಅದು ಕಠಾರಿಯ ಹಿಡಿಯಲ್ಲಿ ಕೂರಿಸಿದ್ದ ವಜ್ರ. ಐವತ್ತು ವರ್ಷದ ಹೊತ್ತಿಗೆ ಅದು ಯಾರ್ಕ್‌ಷೈರಿನ ಒಂದು ಮನೆಗೆ ಬಂದು, ರೇಚೆಲ್ ಅನ್ನೋ ಹುಡುಗಿಯ ಹುಟ್ಟುಹಬ್ಬದ ರಾತ್ರಿ ಕಾಣೆಯಾಗುತ್ತದೆ.

ವಜ್ರಕ್ಕಾಗಿ ಹೋದ ನಾನು ಆ ಮನೆಯ ಕೆಲಸದವಳ ಹತ್ತಿರ ನಿಂತುಬಿಟ್ಟೆ. ಅವಳ ಹೆಸರು ರೊಸಾನಾ ಸ್ಪಿಯರ್‌ಮನ್. ಹಿಂದೆ ಕಳ್ಳತನ ಮಾಡಿ ಸೆರೆಮನೆ ಕಂಡವಳು. ಸುಧಾರಣಾ ಗೃಹದಿಂದ ಮನೆಯ ಯಜಮಾನಿಯೇ ಕರೆತಂದು ಕೆಲಸ ಕೊಟ್ಟಿರುತ್ತಾಳೆ. ಯಜಮಾನಿಯ ಅಕ್ಕನ ಮಗ ಫ್ರಾಂಕ್ಲಿನ್ ಬ್ಲೇಕ್ ಮೇಲೆ ರೊಸಾನಾಳಿಗೆ ಜೀವ. ಅವನಿಗೆ ಅವಳು ಕಣ್ಣಿಗೇ ಬಿದ್ದಿಲ್ಲ. ವಜ್ರ ಹೋದ ಮರುದಿನ ಅವನ ರಾತ್ರಿ ಅಂಗಿಯ ಮೇಲೆ ರೇಚೆಲ್ ಕೋಣೆಯ ಬಾಗಿಲಿನ ಬಣ್ಣ ಅಂಟಿದ್ದನ್ನು ನೋಡುತ್ತಾಳೆ. ಅವನೇ ಕಳ್ಳ ಅಂದುಕೊಳ್ಳುತ್ತಾಳೆ, ಆದರೂ ಅಂಗಿಯನ್ನು ಬಚ್ಚಿಡುತ್ತಾಳೆ. ಕಡೆಗೆ ಎಲ್ಲವನ್ನೂ ಒಂದು ಪತ್ರದಲ್ಲಿ ಬರೆದಿಟ್ಟು, ಹತ್ತಿರದ ಕಡಲ ದಂಡೆಯಲ್ಲಿ ಕಾಲಿಟ್ಟವರನ್ನು ಒಳಗೆಳೆಯುವ ನಡುಗು ಮರಳಿನಲ್ಲಿ ಜೀವ ಕಳೆದುಕೊಳ್ಳುತ್ತಾಳೆ. ಪತ್ರ ಅವನ ಕೈ ಸೇರೋದು ಮುಂದಿನ ವರ್ಷ.

ಆ ಪತ್ರವನ್ನಷ್ಟೇ ನಾನು ಕನ್ನಡಕ್ಕೆ ತಂದಿದ್ದೇನೆ. ಇಡೀ ಕಾದಂಬರಿ ಅಲ್ಲ.

ಮೊದಲ ಕರಡಿನಲ್ಲಿ ದೊಡ್ಡ ತಪ್ಪು ಮಾಡಿದೆ. ಕೆಲಸದವಳು ಅಂದ ಕೂಡಲೇ ಮಂಡ್ಯದ ಹಳ್ಳಿಮಾತು ಹಾಕಿದೆ, ‘ಬುದ್ಧೀ’ ಅಂತ ಕರೆಸಿದೆ. ಎರಡು ಪುಟ ಜೋರಾಗಿ ಓದಿಕೊಂಡಾಗ ಅವಳು ಅಲ್ಲಿ ಇರಲೇ ಇಲ್ಲ. ‘ಬುದ್ಧೀ’ ಅನ್ನೋ ಮಾತಿಗೆ ನಮ್ಮ ಜಾತಿ, ಜಮೀನಿನ ಭಾರವೆಲ್ಲ ಅಂಟಿಕೊಂಡಿದೆ. ಅದನ್ನು ಹೇಳಿದವಳು ತಲೆ ಬಗ್ಗಿಸಿಯೇ ನಿಲ್ಲಬೇಕು. ರೊಸಾನಾ ಹಾಗೆ ನಿಲ್ಲುವವಳಲ್ಲ. ಬೆಟರೆಡ್ಜ್ ಅನ್ನೋ ಹಿರಿಯ ಕಾರುಭಾರಿಯೇ ಹೇಳುತ್ತಾನೆ, ಅವಳಲ್ಲಿ ದೊಡ್ಡ ಮನೆಯ ಹೆಣ್ಣಿನ ಒಂದು ಛಾಯೆ ಇತ್ತು ಅಂತ. ಪತ್ರದಲ್ಲಿ ಅವಳೇ ಬರೆಯುತ್ತಾಳೆ, ಅಪ್ಪ ಅನ್ನಿಸಿಕೊಂಡ ದೊಡ್ಡಮನುಷ್ಯ ಕೈಬಿಟ್ಟಿದ್ದಕ್ಕೇ ಅಮ್ಮ ಬೀದಿಗೆ ಬಿದ್ದಳು ಅಂತ. ಇಷ್ಟನ್ನು ಒಂದೇ ಉಸಿರಲ್ಲಿ, ಅಳದೆ ಹೇಳುವವಳ ಬಾಯಿಗೆ ನಾನು ದೀನ ಮಾತು ತುರುಕಿದ್ದೆ. ಅಷ್ಟನ್ನೂ ಹರಿದು ಹಾಕಿ, ಶಾಲೆ ಕಲಿತ ಹುಡುಗಿ ಎಚ್ಚರದಿಂದ ಬರೆಯುವ ಕನ್ನಡಕ್ಕೆ ಬಂದೆ. ‘ಸರ್’ ಅನ್ನೋದನ್ನು ‘ಸರ್’ ಅಂತಲೇ ಉಳಿಸಿದೆ. ನಮ್ಮ ಮನೆಗೆಲಸದ ಹೆಣ್ಣುಮಕ್ಕಳೂ ಇವತ್ತು ಹಾಗೇ ಕರೆಯೋದು ಅಲ್ವಾ?

ಆಮೇಲೆ ಅವಳ ಭುಜ. ಒಂದು ಭುಜ ಇನ್ನೊಂದಕ್ಕಿಂತ ದೊಡ್ಡದು ಅಂತ ಬೆಟರೆಡ್ಜ್ ಹೇಳುತ್ತಾನೆ. ಪತ್ರಕ್ಕೆ ಮುಂಚೆ ಅವಳನ್ನು ಪರಿಚಯಿಸುವ ನಾಲ್ಕು ಸಾಲಿನಲ್ಲಿ ‘ಗೂನು’ ಅಂತ ಬರೆದಿದ್ದೆ. ತಂಗಿ ಓದಿದವಳೇ ‘ಮಂಥರೆನಾ?’ ಅಂದಳು. ಆ ಪದ ಬಂದರೆ ಕನ್ನಡದ ಓದುಗರಿಗೆ ಒಳಸಂಚು ಮಾಡುವವಳೇ ಕಾಣುತ್ತಾಳೆ. ಪದ ತೆಗೆದೆ. ಮೂಲದಲ್ಲಿ ಇರೋದನ್ನೇ ಇದ್ದಹಾಗೆ ಬರೆದೆ.

ಬಟ್ಟೆಯ ವಿಷಯಕ್ಕೆ ಜಾಸ್ತಿ ದಿನ ಹಿಡಿಯಿತು. ‘ನೈಟ್‌ಗೌನ್’ ಅಂತ ಹಾಗೇ ಬಿಟ್ಟರೆ ನಮ್ಮವರಿಗೆ ನೈಟಿ ನೆನಪಾಗುತ್ತದೆ, ಗಂಡಸು ಹಾಕಿಕೊಂಡಿದ್ದಾನೆ ಅಂದ್ರೆ ನಗು ಬರುತ್ತದೆ. ಅವಳ ಜೀವ ಹೋಗುವ ಜಾಗದಲ್ಲಿ ಯಾರೂ ನಗಬಾರದು. ‘ರಾತ್ರಿ ಅಂಗಿ’ ಅಂದೆ. ಆದರೆ ಅವಳು ಪಕ್ಕದ ಊರಿಗೆ ಗುಟ್ಟಾಗಿ ಹೋಗಿ ತಂದ ಬಟ್ಟೆ ‘ಲಾಂಗ್ ಕ್ಲಾತ್’. ಅದು ನಮ್ಮ ಬಟ್ಟೆ ಅಂಗಡಿಗಳಲ್ಲಿ ಇವತ್ತಿಗೂ ಇರುವ ಹೆಸರೇ, ನಮ್ಮ ಅಮ್ಮ ಒಳಲಂಗಕ್ಕೆ ತರುತ್ತಿದ್ದದ್ದು ಅದೇ. ಬಣ್ಣ ಅಂಟಿದ ಅಂಗಿಯ ಜಾಗಕ್ಕೆ ಅಂಥದ್ದೇ ಇನ್ನೊಂದನ್ನು ರಾತ್ರಿ ಬಾಗಿಲು ಹಾಕಿಕೊಂಡು ಕೈಯಲ್ಲೇ ಹೊಲಿಯುತ್ತಾಳೆ. ಜೊತೆಯ ಕೆಲಸದವರಿಗೆ ಬೆಳಕು ಕಾಣುತ್ತದೆ, ಬಾಗಿಲು ತೆಗೆಯಲ್ಲ. ಹೊಲಿಗೆ ಬಲ್ಲ ನಮ್ಮ ಅತ್ತೆಯನ್ನು ಕೂರಿಸಿಕೊಂಡು, ಒಂದು ಉದ್ದ ಅಂಗಿ ಕೈಹೊಲಿಗೆಯಲ್ಲಿ ಮಾಡೋದು ಎಷ್ಟು ಕೆಲಸ ಅಂತ ಕೇಳಿದೆ. ಬಗಲು ಕೂಡಿಸೋದು, ಕಾಲರ್ ಮಡಿಸೋದು, ಅಂಚು ಹೊಲಿಯೋದು ಎಲ್ಲ ವಿವರಿಸಿ, ‘ಪ್ರೀತಿ ಇಲ್ದೆ ಯಾರೂ ಒಂದು ರಾತ್ರಿಲಿ ಮಾಡಲ್ಲ’ ಅಂದರು. ಆ ಭಾಗವನ್ನು ಮತ್ತೆ ಬರೆದೆ. ಸಾಲುಗಳು ತಾವಾಗೇ ಚಿಕ್ಕದಾದವು.

ಇನ್ನು ಮೂರು ಪದಗಳು. ಪತ್ರದ ಮೊದಲಲ್ಲೇ ಅವಳು ತನ್ನ ತಪ್ಪೊಪ್ಪಿಗೆಯನ್ನು ಮೂರೇ ಪದದಲ್ಲಿ ಹೇಳಬಹುದು ಅಂದು, ಹೇಳಿಬಿಡುತ್ತಾಳೆ. ‘ನಾನು ನಿಮ್ಮನ್ನು ಪ್ರೀತಿಸುತ್ತೇನೆ’ ಅಂದ್ರೆ ಲೆಕ್ಕ ಸರಿ, ಆದರೆ ಸಿನಿಮಾ ಕೇಳಿಸುತ್ತದೆ. ‘ನಿಮ್ಮ ಮೇಲೆ ಮನಸ್ಸಾಗಿದೆ’ ಕೂಡ ಮೂರೇ, ಆದರೆ ಅದು ನಿನ್ನೆ ಮೊನ್ನೆ ಹುಟ್ಟಿದ ಆಸೆಯ ಹಾಗೆ. ಒಂದು ವಾರ ಬಿಟ್ಟು, ಪಾತ್ರೆ ತೊಳೆಯುವಾಗ ಬಂತು: ‘ನೀವಂದರೆ ನನಗೆ ಪ್ರಾಣ.’ ನಾವು ದಿನಾ ಸುಮ್ನೆ ಆಡುವ ಮಾತು. ಅವಳು ಬರೆದರೆ ಅದು ಅಕ್ಷರಶಃ ನಿಜ.

ಹೊಟ್ಟೆಕಿಚ್ಚಿನ ಭಾಗವನ್ನು ಕತ್ತರಿಸು ಅಂತ ಒಬ್ಬ ಸಂಪಾದಕರು ಹೇಳಿದರು. ಪತ್ರ ಉದ್ದವಾಯಿತಂತೆ, ಅವಳ ಮೇಲಿನ ಕನಿಕರ ಕಡಿಮೆಯಾಗುತ್ತದಂತೆ. ನಾನು ಒಪ್ಪಲಿಲ್ಲ, ಅಲ್ಲಿ ಅದು ಅಚ್ಚಾಗಲಿಲ್ಲ. ಆ ಭಾಗದಲ್ಲಿ ಅವಳು ಕೇಳುತ್ತಾಳೆ, ರೇಚೆಲ್‌ಗೆ ಕೆಲಸದವಳ ಬಟ್ಟೆ ತೊಡಿಸಿ ಒಡವೆ ತೆಗೆಸಿದರೆ ಆಗೇನು ಅಂತ. ರೇಚೆಲ್ ಕೊಟ್ಟ ಗುಲಾಬಿಯನ್ನು ಬಿಸಾಕಿ, ಅವನ ನೀರಿನ ಲೋಟದಲ್ಲಿ ತನ್ನದನ್ನು ಇಡುತ್ತಿದ್ದೆ ಅಂತಾಳೆ. ಅವನಿಗೆ ಗೊತ್ತಿಲ್ಲದೆ ಅವನ ಕೋಟಿನ ಮೇಲೆ ಅವಳ ಹೂವು! ಇದನ್ನು ತೆಗೆದರೆ ಉಳಿಯೋದು ಸುಮ್ನೆ ಅಳುವ ಒಬ್ಬ ಹುಡುಗಿ. ಅದಕ್ಕಿಂತ ಹೆಚ್ಚಾಗಿ, ಕಾದಂಬರಿಯಲ್ಲಿ ಬ್ಲೇಕ್ ಕೂಡ ಈ ಪತ್ರವನ್ನು ಅರ್ಧಕ್ಕೇ ನಿಲ್ಲಿಸಿ, ಉಳಿದದ್ದನ್ನು ನೀನೇ ಓದು ಅಂತ ಬೆಟರೆಡ್ಜ್ ಕೈಗೆ ಕೊಟ್ಟುಬಿಡುತ್ತಾನೆ. ಯಾರಿಗೆ ಬರೆದಳೋ ಅವನೇ ಆಗ ಪೂರ್ತಿ ಓದಲಿಲ್ಲ. ಅದನ್ನು ನಾನೂ ಅರ್ಧ ಮಾಡಲಾ?

ಕೊನೆಯ ಸಹಿಯಲ್ಲಿ ಅವಳು ತಾನು ಅವನ ಪ್ರೇಮಿ, ಅವನ ಸೇವಕಿ ಅಂತ ಎರಡನ್ನೂ ಒಟ್ಟಿಗೇ ಬರೆಯುತ್ತಾಳೆ. ನಮ್ಮ ‘ಇಂತಿ’ ಇಲ್ಲಿ ಕೈ ಹಿಡಿಯಿತು. ‘ಇಂತಿ, ನಿಮ್ಮವಳು, ನಿಮ್ಮ ಕೆಲಸದವಳು’ ಅಂತ ಮುಗಿಸಿದ್ದೇನೆ.

ಈಗ ಲೂಸಿಯ ಮಾತುಗಳಿಗೆ ಕೈ ಹಾಕಿದ್ದೇನೆ. ಈ ಪತ್ರ ಎಲ್ಲಿದೆ ಅಂತ ಹೇಳುವ ಇನ್ನೊಂದು ಚಿಕ್ಕ ಪತ್ರವನ್ನು ಬ್ಲೇಕ್‌ಗಾಗಿ ಇಟ್ಟುಕೊಂಡು ಕಾದವಳು ಅವಳೇ, ರೊಸಾನಾಳ ಗೆಳತಿ, ಬೆಸ್ತರ ಮನೆಯ ಕುಂಟು ಹುಡುಗಿ. ಇಬ್ಬರೂ ಲಂಡನ್ನಿಗೆ ಹೋಗಿ ಅಕ್ಕತಂಗಿಯರ ಹಾಗೆ ಹೊಲಿದು ಬದುಕೋಣ ಅಂದುಕೊಂಡಿದ್ದರು. ಅವಳ ಸಿಟ್ಟು ರೊಸಾನಾಳ ಹಾಗೆ ಕಾಗದದ ಮೇಲೆ ಅಲ್ಲ, ಬಾಯಲ್ಲೇ. ಅವಳಿಗೆ ಆಡುಮಾತು ಬೇಕು, ಮಂಡ್ಯದ್ದಲ್ಲ, ಕಡಲ ಕಡೆಯದ್ದು. ಕುಮಟಾದ ಗೆಳತಿಯೊಬ್ಬಳು ಭಾನುವಾರ ಫೋನಿನಲ್ಲಿ ಒಂದೊಂದೇ ಸಾಲು ಹೇಳಿಕೊಡುತ್ತಿದ್ದಾಳೆ.