ಎಐ ಏಜೆಂಟ್ ಫೈಲ್ ಓದುತ್ತದೆ, ಬರೆಯುವುದಿಲ್ಲ: ಪರಿಹಾರದ ಕ್ರಮ

ಡಾಕರ್ ಕಂಟೇನರಿನೊಳಗೆ (ಪ್ರೋಗ್ರಾಮನ್ನು ಉಳಿದ ಯಂತ್ರದಿಂದ ಬೇರ್ಪಡಿಸಿ ಓಡಿಸುವ ಆವರಣ) ಓಡುವ ಎಐ ಏಜೆಂಟ್ ಪ್ರಾಜೆಕ್ಟ್ ಫೋಲ್ಡರಿನ ಫೈಲುಗಳನ್ನು ಸರಾಗವಾಗಿ ಓದುತ್ತಿತ್ತು. ಬರೆಯಲು ಹೋದರೆ ‘ಪರ್ಮಿಷನ್ ಡಿನೈಡ್’ (ಅನುಮತಿ ಇಲ್ಲ) ಎಂಬ ದೋಷ. ಕೆಲವೊಮ್ಮೆ ಆ ದೋಷವನ್ನು ನುಂಗಿಕೊಂಡು ‘ಫೈಲ್ ಉಳಿಸಿದ್ದೇನೆ’ ಎಂದೂ ಹೇಳುತ್ತಿತ್ತು. ಡಿಸ್ಕಿನಲ್ಲಿ ಮಾತ್ರ ಏನೂ ಬದಲಾಗಿರುತ್ತಿರಲಿಲ್ಲ.

ಪ್ರಾಂಪ್ಟ್ ತಿದ್ದಿದ್ದರಿಂದ ಪ್ರಯೋಜನವಾಗಲಿಲ್ಲ. ಏಜೆಂಟಿನ ಸೆಟ್ಟಿಂಗ್‌ನಲ್ಲಿ ಬರೆಯುವ ಅನುಮತಿ ಕೊಟ್ಟರೂ ಅಷ್ಟೇ: ಅದು ಏಜೆಂಟಿನ ಒಪ್ಪಿಗೆ, ಆಪರೇಟಿಂಗ್ ಸಿಸ್ಟಮ್‌ನದಲ್ಲ. ಕಂಟೇನರನ್ನು ರೀಸ್ಟಾರ್ಟ್ ಮಾಡಿದರೂ ಹಳೆಯ ಬಳಕೆದಾರ, ಹಳೆಯ ಮೌಂಟ್ (ಹೊರಗಿನ ಫೋಲ್ಡರನ್ನು ಕಂಟೇನರಿಗೆ ಜೋಡಿಸಿರುವ ರೀತಿ) ಹಾಗೆಯೇ ಉಳಿಯುತ್ತವೆ. ಫೋಲ್ಡರಿಗೆ 777 (ಎಲ್ಲರಿಗೂ ಎಲ್ಲ ಅನುಮತಿ) ಕೊಡುವ ಸಲಹೆಯನ್ನು ಪಾಲಿಸಬೇಡಿ. ಆಗ ಯಂತ್ರದಲ್ಲಿರುವ ಯಾರು ಬೇಕಾದರೂ ಅಲ್ಲಿ ಬರೆಯಬಹುದು.

ಪರೀಕ್ಷೆಯನ್ನು ನಮ್ಮ ಟರ್ಮಿನಲ್‌ನಲ್ಲಲ್ಲ, ಏಜೆಂಟಿನ ಸೆಷನ್ನಿನಲ್ಲೇ ನಡೆಸಬೇಕು. ಇಡೀ ವಿಷಯ ಇರುವುದೇ ಇಲ್ಲಿ. ಮೊದಲು ‘ಐಡಿ’ ಕಮಾಂಡ್: ಬಂದ ಯುಐಡಿ (ಬಳಕೆದಾರನ ಸಂಖ್ಯೆ) 1001. ನಂತರ ಫೋಲ್ಡರಿನ ಮೇಲೆ ‘ಸ್ಟ್ಯಾಟ್’: ಒಡೆಯ 1000, ಅನುಮತಿ 755. ಅಂದರೆ ಬರೆಯುವ ಹಕ್ಕು ಒಡೆಯನಿಗೆ ಮಾತ್ರ, ಉಳಿದವರು ಓದಬಹುದು. ಕಂಟೇನರಿನ ಒಳಗೂ ಹೊರಗೂ ಬಳಕೆದಾರನ ಹೆಸರು ಒಂದೇ ಇತ್ತು, ಆದರೆ ಲಿನಕ್ಸ್ ಹೋಲಿಸುವುದು ಸಂಖ್ಯೆಯನ್ನು.

ಹಳೆಯ ಕಂಟೇನರನ್ನು ಅಳಿಸಿ, ‘ಡಾಕರ್ ರನ್’ನ ‘ಯೂಸರ್’ ಆಯ್ಕೆಗೆ 1000:1000 (ಬಳಕೆದಾರ ಮತ್ತು ಗುಂಪಿನ ಸಂಖ್ಯೆ) ಕೊಟ್ಟು ಹೊಸದನ್ನು ಸೃಷ್ಟಿಸಿದೆ. ನಿಮಗೆ ಬರುವ ದೋಷ ‘ರೀಡ್-ಓನ್ಲಿ ಫೈಲ್ ಸಿಸ್ಟಮ್’ ಎಂದಿದ್ದರೆ ಕಾರಣ ಬೇರೆ: ಮೌಂಟ್ ಸಾಲಿನ ಕೊನೆಯ, ಓದಲು ಮಾತ್ರ ಎನ್ನುವ ‘ಆರ್‌ಒ’ ತೆಗೆದು, ಹಾಗೆಯೇ ಹೊಸದಾಗಿ ಸೃಷ್ಟಿಸಿ.

ಕೊನೆಗೆ ಏಜೆಂಟಿನಿಂದಲೇ ‘ಟಚ್’ ಮೂಲಕ ಖಾಲಿ ಫೈಲ್ ಮಾಡಿಸಿ, ಅದರ ಒಡೆಯ 1000 ಎಂದು ಕಂಟೇನರಿನ ಹೊರಗಿನಿಂದ ನೋಡಿ, ಅಳಿಸಿಬಿಡಿ. ಪ್ರತಿ ಹೊಸ ಸೆಷನ್ನಿನಲ್ಲೂ ನಿಜವಾದ ಕೆಲಸ ಒಪ್ಪಿಸುವ ಮೊದಲು ಇದನ್ನು ಮಾಡುತ್ತೇನೆ.